ದವಾಖಾನೆಯ ನಾಯಕತ್ವ: ಪ್ರಮಾಣಗಳ ವಿಮರ್ಶೆ

ಕೋವಿಡ್ ಪಿಡುಗಿನ ತರುವಾಯ ದವಾಖಾನೆಗಳ ಮುಖ್ಯಸ್ಥರ ನಾಯಕತ್ವದ ಮನೋಧರ್ಮವನ್ನು ಅಳೆಯುವ ಅಧ್ಯಯನಗಳು ದೇಶವಿದೇಶಗಳಲ್ಲಿ ಹೇರಳವಾಗಿ ಹೊರಬಂದಿವೆ. ಅವುಗಳ ವಿಧಾನ ಬಹುಮಟ್ಟಿಗೆ ಒಂದೇ. ‘ನಾನು ಸಹೋದ್ಯೋಗಿಗಳ ಮಾತನ್ನು ಆಲಿಸುತ್ತೇನೆ’ ಎಂಬಂಥ ವಾಕ್ಯಗಳ ಮುಂದೆ ಮುಖ್ಯಸ್ಥನು ತನ್ನ ಒಪ್ಪಿಗೆಯ ಪ್ರಮಾಣವನ್ನು ಗುರುತಿಸುವನು. ಅಂಕಗಳನ್ನು ಕೂಡಿಸಿ ಅವನ ಸ್ವಭಾವವನ್ನು ನಿರ್ಣಯಿಸುವರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ದವಾಖಾನೆಗಳಿಗೆ ಈ ಮಾನದಂಡವು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ತೊಡಕು ಹೊಸದಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಸುತ್ತಣ ಸೀಮೆಯು ಶಾಸನಗಳಿಂದ ತುಂಬಿದೆ. ಪ್ರಶಸ್ತಿಭಾಗದಲ್ಲಿ ಪ್ರತಿಯೊಬ್ಬ ದೊರೆಯೂ ಶೂರ, ದಾನಿ, ಪ್ರಜಾವತ್ಸಲ. ಅದನ್ನು ನಂಬಿ ರಾಜ್ಯಭಾರ ಹೇಗಿತ್ತೆಂದು ಯಾರೂ ಬರೆಯುವುದಿಲ್ಲ. ಕೊಟ್ಟ ಭೂಮಿ ಎಷ್ಟು ಮತ್ತರು, ಎಲ್ಲೆ ಯಾವುದು, ಸುಂಕ ಬಿಟ್ಟವರಾರು ಎಂಬ ಕೆಳಗಿನ ಸಾಲುಗಳಿಗೆ ಹೋಗುತ್ತೇವೆ. ಮುಖ್ಯಸ್ಥನು ತನ್ನನ್ನು ಕುರಿತು ತಾನೇ ಕೊಟ್ಟ ಉತ್ತರವು ಪ್ರಶಸ್ತಿಯ ಜಾತಿಗೆ ಸೇರಿದುದು. ದತ್ತಿಯ ಸಾಲುಗಳಿಗೆ ಸಮನಾದವು ಪಾಳಿಯ ಪಟ್ಟಿ, ರಜೆಯ ಅರ್ಜಿ, ದಾಸ್ತಾನು ಪುಸ್ತಕ. 2020ರಲ್ಲಿ ಮುಖಗವಸು ಮೊದಲು ಯಾರ ಕೈಸೇರಿತು, ವೈದ್ಯನಿಗೋ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಗೋ? ಆ ವರ್ಷದ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಯಾವ ಮುಖ್ಯಸ್ಥನ ಅಂಕಪಟ್ಟಿಯಲ್ಲಿ ಇದು ಕಾಣುವುದು?

ಅಧಿಕಾರದ ಪ್ರಶ್ನೆಯೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ನೇಮಕವಾಗಲಿ ವರ್ಗಾವಣೆಯಾಗಲಿ ಕೈಯಲ್ಲಿಲ್ಲ. ಆಜ್ಞೆ ತಾಲೂಕು, ಜಿಲ್ಲೆಗಳಿಂದ ಇಳಿದುಬರುತ್ತದೆ. 2020ರ ಮಾರ್ಚ್ 24ರ ರಾತ್ರಿ ದೇಶವೇ ಸ್ತಬ್ಧವಾದಾಗ ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿ ವ್ಯಾಪಾರದ ಸುಗ್ಗಿ. ಅಲ್ಲಿಯ ವೈದ್ಯನು ಆಗ ತೋರಿದ ಕಾಠಿನ್ಯ ಸ್ವಭಾವದ್ದೋ ಆಜ್ಞೆಯದ್ದೋ ಪ್ರಶ್ನಾವಳಿಗೆ ತಿಳಿಯದು. ರಾಣೇಬೆನ್ನೂರಿನಂಥ ವ್ಯಾಪಾರದ ಊರಿನಲ್ಲಿ ಖಾಸಗಿ ದವಾಖಾನೆಯ ವೈದ್ಯನೇ ಬಹುಧಾ ಒಡೆಯನೂ ಹೌದು. 2022ರ ಡಿಸೆಂಬರ್‌ನಿಂದ ರಾಜ್ಯದ ಪಟ್ಟಣಗಳಲ್ಲಿ ತೆರೆದ ‘ನಮ್ಮ ಕ್ಲಿನಿಕ್’ನಲ್ಲಾದರೋ ವೈದ್ಯನೂ ಸೇರಿ ಇರುವವರೇ ನಾಲ್ವರು. ಇವರೆಲ್ಲರನ್ನೂ ಒಂದೇ ಕೋಷ್ಟಕಕ್ಕೆ ತುಂಬುವುದು ಮಹಾಮಂಡಲೇಶ್ವರನನ್ನೂ ಊರಗಾವುಂಡನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಈ ಊರುಗಳು 1997ರವರೆಗೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲೇ ಇದಕ್ಕಿಂತ ಲೇಸಾದ ನಿದರ್ಶನವುಂಟು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ವೈದ್ಯಾಧಿಕಾರಿ ಲ್ಯೂಮನ್ ಹಾಫ್ಕಿನ್ನನ ಲಸಿಕೆಯನ್ನು ಊರಿನ ಬಹುಜನಕ್ಕೆ ಹಾಕಿಸಿದನು. ತನ್ನ ಕಾರ್ಯವನ್ನು ಅವನೂ ಹೊಗಳಿಕೊಂಡಿರಬಹುದು. ಆದರೆ ಲಸಿಕೆ ಪಡೆದವರ ಮತ್ತು ಪಡೆಯದವರ ಸಾವುಗಳ ಲೆಕ್ಕ ಉಳಿದುಬಂದಿತು. ಆದುದರಿಂದಲೇ ಭಾರತೀಯ ಪ್ಲೇಗು ಆಯೋಗವು ಅದನ್ನು ಶೋಧಿಸಿ, ಅಂಕಿಗಳಲ್ಲಿ ದೋಷವೆತ್ತಿಯೂ ಲಸಿಕೆಯ ಪ್ರಯೋಜನವನ್ನು ಒಪ್ಪಲು ಸಾಧ್ಯವಾಯಿತು. ಅಲ್ಲಿಯೂ ಒಂದು ಕೊರತೆ ನಮಗೆ ಕಾಣುತ್ತದೆ: ಲ್ಯೂಮನ್ನನ ಕೈಕೆಳಗೆ ದುಡಿದವರ ಮಾತು ಸಾವುಗಳ ಆ ಲೆಕ್ಕದಲ್ಲಿ ಕೇಳಿಬರುವುದಿಲ್ಲ.

ನಮ್ಮ ಕಾಲದ ದಾದಿಯರು, ಔಷಧವಿತರಕರು, ಆಶಾ ಕಾರ್ಯಕರ್ತೆಯರು ಇನ್ನೂ ಕೇಳಿದರೆ ಹೇಳಬಲ್ಲರು. ಸರಕಾರಿ ಕಚೇರಿಯ ಕಾಗದಗಳಿಗಾದರೋ ಇಂತಿಷ್ಟು ವರ್ಷವೆಂಬ ಅವಧಿಯುಂಟು. ಅದು ತೀರಿದ ಮೇಲೆ ಅವು ನಾಶಕ್ಕೆ ಹೋಗುತ್ತವೆ. 2020 ಮತ್ತು 2021ರ ಪಾಳಿಪಟ್ಟಿ, ದಾಸ್ತಾನು ಪುಸ್ತಕಗಳ ನಕಲನ್ನು ಅನುಮತಿ ಪಡೆದು ತೆಗೆದಿಡುವ ಕೆಲಸವನ್ನು ಈ ಮೂರು ಊರುಗಳ ಕಾಲೇಜು ವಿದ್ಯಾರ್ಥಿಗಳು ಈ ವರ್ಷವೇ ಕೈಗೊಳ್ಳಬಹುದು.