ಗಡುವು ಮೀರುವ ದಿವಾಳಿ ನ್ಯಾಯ

2016ರ ದಿವಾಳಿ ಸಂಹಿತೆಗೆ ಮೊದಲು ಸಾಲದಲ್ಲಿ ಮುಳುಗಿದ ಕಂಪನಿಯೊಂದರ ಗತಿ ಹಲವು ಬಾಗಿಲುಗಳಲ್ಲಿ ಅಲೆಯುತ್ತಿತ್ತು. ಪುನಶ್ಚೇತನಕ್ಕೆ ಕೈಗಾರಿಕಾ ಮತ್ತು ಹಣಕಾಸು ಪುನರ್ರಚನಾ ಮಂಡಳಿ (ಬಿಐಎಫ್‌ಆರ್), ಬ್ಯಾಂಕುಗಳ ಬಾಕಿಗೆ ಸಾಲ ವಸೂಲಾತಿ ನ್ಯಾಯಮಂಡಳಿ, ಕಂಪನಿ ಮುಚ್ಚಿಸಲು ಹೈಕೋರ್ಟ್. ಸಂಹಿತೆಯು ಈ ಕೆಲಸಗಳನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ ತಂದಿತು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿತ್ತು. ಕಂಪನಿ ಉಳಿಯಬೇಕೇ, ಯಾರ ಕೈ ಸೇರಬೇಕು, ಎಷ್ಟು ಹಣಕ್ಕೆ ಎಂಬ ವ್ಯಾಪಾರದ ತೀರ್ಮಾನ ನ್ಯಾಯಪೀಠದಿಂದ ಸಾಲದಾತರ ಸಮಿತಿಗೆ ಹೋಯಿತು. ಸಮಿತಿಯ ಶೇ 66ರಷ್ಟು ಮತ ಬಿದ್ದರೆ ಪುನಶ್ಚೇತನ ಯೋಜನೆ ಅಂಗೀಕಾರವಾದಂತೆ. ಅದರ ವ್ಯಾವಹಾರಿಕ ವಿವೇಚನೆಯನ್ನು ಪೀಠ ಕೆದಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿತು. ಪೀಠಕ್ಕೆ ಉಳಿದದ್ದು ಮುಖ್ಯವಾಗಿ ಮೂರು ಕೆಲಸ: ಸಾಲ ಸುಸ್ತಿಯಾಗಿದೆಯೇ ಎಂದು ನೋಡುವುದು, ಯೋಜನೆ ಕಾನೂನಿಗೆ ಒಪ್ಪುತ್ತದೆಯೇ ಎಂದು ಪರಿಶೀಲಿಸುವುದು, ಗಡುವು ಕಾಯುವುದು. ಇಷ್ಟು ಕಿರಿದಾದ ಹೊಣೆಯ ನ್ಯಾಯಾಲಯವನ್ನು ವೇಗ ಮತ್ತು ಖಚಿತತೆಯಿಂದಲೇ ಅಳೆಯಬೇಕು. ಆ ಅಳತೆಗೆ ಅದು ನಿಲ್ಲುತ್ತಿಲ್ಲ.

ಭೂಷಣ್ ಪವರ್ ಅಂಡ್ ಸ್ಟೀಲ್ ಪ್ರಕರಣವನ್ನೇ ನೋಡಿ. ಅರ್ಜಿ ದಾಖಲಾಗಿ ಅಂಗೀಕಾರವಾದದ್ದು 2017ರ ಜುಲೈನಲ್ಲಿ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯು ಸ್ಟೀಲ್ ಮುಂದಿಟ್ಟ ಯೋಜನೆಗೆ ಎನ್‌ಸಿಎಲ್‌ಟಿ ಒಪ್ಪಿಗೆ ಸಿಕ್ಕಿದ್ದು 2019ರ ಸೆಪ್ಟೆಂಬರ್‌ನಲ್ಲಿ, ಮೇಲ್ಮನವಿ ಮಂಡಳಿಯದು 2020ರ ಫೆಬ್ರುವರಿಯಲ್ಲಿ. ಜಾರಿ ನಿರ್ದೇಶನಾಲಯ ಆಸ್ತಿ ಜಪ್ತಿ ಮಾಡಿದ್ದರಿಂದ ತೊಡಕು ಮತ್ತಷ್ಟು ಬಿಗಿಯಾಯಿತು. 2021ರಲ್ಲಿ ಹಣಕಾಸು ಸಾಲದಾತರಿಗೆ ಸುಮಾರು 19,350 ಕೋಟಿ ರೂಪಾಯಿ ಸಂದಾಯವಾಗಿ ಕಾರ್ಖಾನೆ ಹೊಸ ಮಾಲೀಕರ ಕೈಸೇರಿತು. ಆಮೇಲೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ತಳ್ಳಿಹಾಕಿ ಕಂಪನಿಯ ಲಿಕ್ವಿಡೇಷನ್‌ಗೆ ಆದೇಶಿಸಿತು. ಜುಲೈನಲ್ಲಿ ಆ ತೀರ್ಪನ್ನು ತಾನೇ ಹಿಂಪಡೆಯಿತು. ಸೆಪ್ಟೆಂಬರ್‌ನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು. ಆಗಿನ ನಿಯಮದಂತೆ ಹೆಚ್ಚೆಂದರೆ 270 ದಿನಗಳಲ್ಲಿ ಮುಗಿಯಬೇಕಾದದ್ದು ಎಂಟು ವರ್ಷ ಎಳೆಯಿತು. ನಡೆಯುತ್ತಿರುವ ಕಾರ್ಖಾನೆಯ ಒಡೆತನವೇ ಹೀಗೆ ತೂಗುಯ್ಯಾಲೆಯಲ್ಲಿದ್ದರೆ ಮುಂದಿನ ಹರಾಜಿನಲ್ಲಿ ಕೊಳ್ಳುವವರು ಆ ಅಪಾಯವನ್ನೂ ಲೆಕ್ಕ ಹಾಕಿಯೇ ಬೆಲೆ ಕೂಗುತ್ತಾರೆ. ಆ ನಷ್ಟ ಸಾಲದಾತರ ತಲೆಗೆ.

ಈ ವಿಳಂಬಕ್ಕೆ ಎನ್‌ಸಿಎಲ್‌ಟಿ ಸದಸ್ಯರ ಸೋಮಾರಿತನ ಕಾರಣವೆನ್ನುವುದು ಸುಲಭದ ಮಾತು. ಆದರೆ ವಿಶೇಷ ನ್ಯಾಯಾಲಯವೆಂದು ಹೆಸರಾದ ಎನ್‌ಸಿಎಲ್‌ಟಿ ದಿವಾಳಿಗೆಂದೇ ಮೀಸಲಾದದ್ದಲ್ಲ. ಕಂಪನಿಗಳ ವಿಲೀನ, ಅಲ್ಪಸಂಖ್ಯಾತ ಷೇರುದಾರರ ದೂರು ಎಲ್ಲವೂ ಅದೇ ಪೀಠದ ಮುಂದೆ ಬರುತ್ತವೆ. ಇಡೀ ದೇಶಕ್ಕೆ ಮಂಜೂರಾದ ಸದಸ್ಯ ಹುದ್ದೆಗಳು ಅರವತ್ತರ ಆಸುಪಾಸು, ಅವೂ ಪೂರ್ತಿ ತುಂಬಿರುವುದು ಅಪರೂಪ. ಜೊತೆಗೆ ಮಂಡಳಿಗಳು ತಮ್ಮ ಅಂತರ್ಗತ ಅಧಿಕಾರದ ಗಡಿಯನ್ನು ಹಿಗ್ಗಿಸುವುದೂ ಉಂಟು. ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್ ವಿರುದ್ಧ ಕ್ರಿಕೆಟ್ ಮಂಡಳಿ ಬಿಸಿಸಿಐ ಸಲ್ಲಿಸಿದ ದಿವಾಳಿ ಅರ್ಜಿಯನ್ನು ಬೆಂಗಳೂರು ಪೀಠ 2024ರ ಜುಲೈನಲ್ಲಿ ಅಂಗೀಕರಿಸಿತು. ಮೇಲ್ಮನವಿ ಮಂಡಳಿ ಆಗಸ್ಟ್‌ನಲ್ಲಿ ಇಬ್ಬರ ನಡುವಿನ ರಾಜಿಯನ್ನು ಒಪ್ಪಿ ಪ್ರಕ್ರಿಯೆಗೆ ತೆರೆ ಎಳೆಯಿತು. ಅರ್ಜಿ ಹಿಂಪಡೆಯಲು ಸಂಹಿತೆ ಹಾಕಿದ ದಾರಿಯನ್ನು ದಾಟಿ ಹೋಗುವಂತಿಲ್ಲವೆಂದು ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು.

ಅವಸರದಲ್ಲಿ ಬಡಪಾಯಿಗಳ ಪಾಲು ಮುಳುಗದೇ ಎಂಬ ಆಕ್ಷೇಪ ನ್ಯಾಯವಾದದ್ದು. ಕಾರ್ಮಿಕರಿಗೂ ಸಣ್ಣ ಸರಬರಾಜುದಾರರಿಗೂ ಸಮಿತಿಯಲ್ಲಿ ಸಾಮಾನ್ಯವಾಗಿ ಮತವಿಲ್ಲ; ಅವರ ಅಹವಾಲಿಗೆ ಕಿವಿಗೊಡಬೇಕಾದದ್ದು ಪೀಠವೇ. ಆದರೆ ವಿಳಂಬದಲ್ಲಿ ಮೊದಲು ಕೆಡುವವರೂ ಅವರೇ. ಯಂತ್ರ ತುಕ್ಕು ಹಿಡಿದಷ್ಟೂ ಹಂಚಿಕೆಯ ಮೊತ್ತ ಕರಗುತ್ತದೆ, ಬ್ಯಾಂಕಿನಂತೆ ಕಾದು ಕೂರುವ ತ್ರಾಣ ಅವರಿಗಿಲ್ಲ. ಗಡುವನ್ನು ಕಡ್ಡಾಯವಾಗಿಸುವ ಪದವನ್ನು ಎಸ್ಸಾರ್ ಸ್ಟೀಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು, ನ್ಯಾಯಾಲಯದ ವಿಳಂಬಕ್ಕೆ ಕಕ್ಷಿದಾರ ದಂಡ ತೆರಬಾರದೆಂಬ ಕಾರಣಕ್ಕೆ. ಆ ರಿಯಾಯಿತಿ ಅಪವಾದಕ್ಕೆ ಕೊಟ್ಟದ್ದು, ವಾಡಿಕೆಗಲ್ಲ. ದಿವಾಳಿ ಪ್ರಕರಣಗಳಿಗೇ ಮೀಸಲಾದ ಪೀಠಗಳು, ಖಾಲಿಯಾಗುವ ಮೊದಲೇ ತುಂಬುವ ಹುದ್ದೆಗಳು, ಹಣ ಸಂದಾಯವಾಗಿ ಜಾರಿಗೊಂಡ ಯೋಜನೆಯನ್ನು ವಂಚನೆ ಸಾಬೀತಾದ ಹೊರತು ಕೆದಕದ ನಿಯಮ: ಇವು ಮೂರೂ ಇಲ್ಲದಿದ್ದರೆ ಸಂಹಿತೆಯ ಕಲಮುಗಳನ್ನು ಎಷ್ಟು ಸಲ ತಿದ್ದಿದರೂ ಎನ್‌ಸಿಎಲ್‌ಟಿ ಹಳೆಯ ಬಿಐಎಫ್‌ಆರ್‌ನ ವಿಳಂಬದ ಹಾದಿಯನ್ನೇ ಹಿಡಿಯುತ್ತದೆ.