ಹೆಸರಿಲ್ಲದ ನಾಯಿಯ ಚಿಕಿತ್ಸೆಗೆ ಹಣ ಕೊಡುವವರು ಯಾರು?

ಗಾಯಗೊಂಡ ನಾಯಿಯೊಂದರ ಚಿತ್ರ ಮೊಬೈಲಿಗೆ ಬರುತ್ತದೆ. ವಾಹನ ಗುದ್ದಿ ರಸ್ತೆ ಬದಿಯಲ್ಲಿ ಬಿದ್ದಿದ್ದ ಅದನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿದ್ದಾರೆ. ಕಾಲಿನ ಮೂಳೆ ಮುರಿದಿದೆ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ಇಷ್ಟು ಸಾವಿರ ರೂಪಾಯಿ ಬೇಕು ಎಂಬ ಒಕ್ಕಣೆ. ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ನಾಯಿಗೆ ಒಂದು ಮುದ್ದಾದ ಹೆಸರೂ ಇರುತ್ತದೆ. ನಿನ್ನೆಯವರೆಗೆ ಹೆಸರೇ ಇಲ್ಲದೆ ಬದುಕಿದ್ದ ಪ್ರಾಣಿಗೆ ಆಸ್ಪತ್ರೆಯ ಚೀಟಿ ಬರೆಸುವ ಹೊತ್ತಿಗೆ ಹೆಸರು ಹುಟ್ಟಿಕೊಂಡಿರುತ್ತದೆ. ಏಕೆಂದರೆ ಹೆಸರಿಲ್ಲದ ನಾಯಿಗೆ ಯಾರೂ ಹಣ ಕಳುಹಿಸುವುದಿಲ್ಲ.

ಕನ್ಯಾನದಂಥ ಗಡಿನಾಡಿನ ಊರಿನಲ್ಲಿ, ಹೊಟೇಲಿನ ಬೆಂಚಿನ ಮೇಲೆ ಕೂತು ಇದನ್ನು ಓದಿ ಹೇಳಿದರೆ "ನಾಯಿಗೂ ಚಂದಾ ಎತ್ತುತ್ತಾರಾ ಮಾರಾಯ್ರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಸೀದಿಗೆ, ಬ್ರಹ್ಮಕಲಶಕ್ಕೆ, ಬಡ ಹುಡುಗಿಯ ಮದುವೆಗೆ, ಕಿಡ್ನಿ ಕೆಟ್ಟವನ ಡಯಾಲಿಸಿಸ್‌ಗೆ ರಶೀದಿ ಪುಸ್ತಕ ಹಿಡಿದು ಬರುವವರನ್ನು ಕಂಡ ನಾಡಿದು. ಹಾಗೆ ಕೇಳುವವರನ್ನು ಕಲ್ಲೆದೆಯವರೆಂದು ಜರೆಯಬೇಕಾಗಿಲ್ಲ. ಮನುಷ್ಯರಿಗೇ ಸಾಲದ ಹಣದಲ್ಲಿ ನಾಯಿಗೆಷ್ಟು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೂ ಹಿಂದೆ ಇನ್ನೊಂದು ಪ್ರಶ್ನೆ ಇದೆ. ನಮ್ಮ ಕರುಣೆ ಯಾವುದನ್ನು ನೋಡಿ ಜೇಬಿಗೆ ಕೈ ಹಾಕುತ್ತದೆ? ಅದನ್ನು ಪರೀಕ್ಷಿಸಲು ಇತ್ತೀಚಿನ ಕನ್ನಡದ ಕೃತಿಗಳಲ್ಲಿ '777 ಚಾರ್ಲಿ'ಗಿಂತ ಒಳ್ಳೆಯದು ಸಿಗಲಾರದು.

2022ರ ಜೂನ್ 10ರಂದು ಬಿಡುಗಡೆಯಾದ ಈ ಚಲನಚಿತ್ರದ ನಿರ್ದೇಶಕ ಕಿರಣ್‌ರಾಜ್ ಕೆ. ಕನ್ಯಾನದ ಪಕ್ಕದ ಕಾಸರಗೋಡಿನವರು. ಕುಟುಂಬವನ್ನು ಕಳೆದುಕೊಂಡು ಯಾರೊಂದಿಗೂ ಬೆರೆಯದೆ ಬದುಕುತ್ತಿರುವ ಕಾರ್ಖಾನೆ ನೌಕರ ಧರ್ಮನಾಗಿ ರಕ್ಷಿತ್ ಶೆಟ್ಟಿ ನಟಿಸಿದ್ದಾರೆ. ನಾಯಿಗಳನ್ನು ಹಿಂಸಿಸಿ ಮರಿ ಹಾಕಿಸಿ ಮಾರುವವನ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿಯೊಂದು ಅವನ ಬದುಕಿನೊಳಗೆ ನುಗ್ಗುತ್ತದೆ. ಗಾಯಗೊಂಡ ಅದನ್ನು ಪಶುವೈದ್ಯರ ಬಳಿಗೆ ಒಯ್ಯುವುದು ಮನಸ್ಸಿಲ್ಲದ ಕೆಲಸವಾಗಿ ಆರಂಭವಾಗಿ, ಕೊನೆಗೆ ಕ್ಯಾನ್ಸರ್ ಹಿಡಿದ ಅದೇ ನಾಯಿಗೆ ಹಿಮ ತೋರಿಸಲು ಹಿಮಾಲಯದವರೆಗೆ ಹೋಗುವ ಯಾತ್ರೆಯಾಗುತ್ತದೆ. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಕಣ್ಣೀರು ಹಾಕಿದರು. ಸರಕಾರ ತೆರಿಗೆ ವಿನಾಯಿತಿ ನೀಡಿತು. 69ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು.

ಚಿತ್ರದ ದೊಡ್ಡ ಗುಣವನ್ನು ಮೊದಲು ಹೇಳಬೇಕು. ನಾಯಿಯ ರೋಗಕ್ಕೆ ಅದು ವಿಧಿಯನ್ನು ದೂರುವುದಿಲ್ಲ. ಲಾಭಕ್ಕಾಗಿ ಒಂದೇ ರಕ್ತ ಸಂಬಂಧದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ ವ್ಯಾಪಾರವೇ ಅದಕ್ಕೆ ಕಾರಣವೆಂದು ಬೆರಳು ತೋರಿಸುತ್ತದೆ. ಮುದ್ದಾದ ಮರಿಯ ಹಿಂದೆ ಒಂದು ಕ್ರೂರ ಮಾರುಕಟ್ಟೆ ಇದೆ ಎಂದು ಲಕ್ಷಾಂತರ ಜನರಿಗೆ ತಿಳಿಸಿದ್ದು ಸಣ್ಣ ಸಾಧನೆಯಲ್ಲ.

ಆದರೆ ಕೊರತೆಯೂ ಅಲ್ಲಿಯೇ ಇದೆ. ಮಾರುಕಟ್ಟೆಯನ್ನು ಖಂಡಿಸುವ ಚಿತ್ರ ನಮ್ಮನ್ನು ಅಳಿಸಲು ಆರಿಸಿಕೊಂಡದ್ದು ಆ ಮಾರುಕಟ್ಟೆ ಮೆಚ್ಚುವ ನಾಯಿಯನ್ನೇ. ಚಿತ್ರ ಗೆದ್ದ ಮೇಲೆ, ಲಾಭದ ಶೇ. 5ರಷ್ಟನ್ನು ಚಾರ್ಲಿಯ ಹೆಸರಿನಲ್ಲಿ ದೇಶಿ ನಾಯಿಗಳು ಮತ್ತು ಇತರ ಪ್ರಾಣಿಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುವುದಾಗಿ ರಕ್ಷಿತ್ ಶೆಟ್ಟಿ ಘೋಷಿಸಿದರು. ಇದು ಅಭಿನಂದನೀಯ. ಆದರೆ ಇದರಲ್ಲಿರುವ ವಿಪರ್ಯಾಸವನ್ನೂ ಗಮನಿಸಬೇಕು. ನೆರವು ಬೇಕಾಗಿರುವುದು ಊರ ನಾಯಿಗೆ, ಹಣ ಎತ್ತಿಕೊಟ್ಟದ್ದು ಲ್ಯಾಬ್ರಡಾರ್‌ನ ಮುಖ. ಕನ್ಯಾನದ ಪೇಟೆಯಲ್ಲಿ ಮೀನಿನ ಅಂಗಡಿಯ ಹಿಂದೆ ಮಲಗುವ ಕಂದು ಬಣ್ಣದ ನಾಯಿ ನಾಯಕಿಯಾಗಿದ್ದರೆ ನಾವು ಇಷ್ಟೇ ಅಳುತ್ತಿದ್ದೆವೇ?

ಅಳುತ್ತಿರಲಿಲ್ಲ ಎನ್ನುವಂತಿಲ್ಲ. ಧರ್ಮ ತನ್ನ ನಾಯಿಗೆ ಯಾರ ಹೆಸರಿಟ್ಟನೋ ಆ ಚಾರ್ಲಿ ಚಾಪ್ಲಿನ್ 1918ರಲ್ಲಿಯೇ 'ಎ ಡಾಗ್ಸ್ ಲೈಫ್' ಎಂಬ ಚಿತ್ರ ಮಾಡಿದ್ದಾರೆ. ಅದರಲ್ಲಿರುವುದು ಜಾತಿ ತಿಳಿಯದ ಬೀದಿ ನಾಯಿ. ಉಳಿದ ನಾಯಿಗಳು ಮೇಲೆ ಬಿದ್ದಾಗ ಕೆಲಸವಿಲ್ಲದ ಅಲೆಮಾರಿ ಅದನ್ನು ಕಾಪಾಡುತ್ತಾನೆ. ಅವನ ಬದುಕೂ ಅದರ ಬದುಕೂ ಒಂದೇ ಎಂಬುದು ಆ ಚಿತ್ರದ ತಿರುಳು. ನಮ್ಮ ಚಾರ್ಲಿಗೆ ಚಾಪ್ಲಿನ್‌ರ ಹೆಸರು ಬಂತು, ಚಾಪ್ಲಿನ್‌ರ ನಾಯಿ ಬರಲಿಲ್ಲ.

ಇನ್ನೂ ಹಿಂದೆ ಹೋಗಿ ನೋಡೋಣ. ಧರ್ಮ ಎಂಬ ಹೆಸರಿನವನು ನಾಯಿಯೊಂದಿಗೆ ಹಿಮಾಲಯ ಏರುತ್ತಾನೆ ಎಂದ ಕೂಡಲೇ ಮಹಾಭಾರತದ ಕೊನೆ ನೆನಪಾಗುತ್ತದೆ. ಒಡಹುಟ್ಟಿದವರೂ ಮಡದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ಬಾ ಎಂದಾಗ ಅವನು ಸ್ವರ್ಗವನ್ನೇ ನಿರಾಕರಿಸುತ್ತಾನೆ. ಆ ನಾಯಿಗೆ ಹೆಸರಿಲ್ಲ, ತಳಿಯಿಲ್ಲ. ಹಿಂದೆ ಬಂದದ್ದಷ್ಟೇ ಅದರ ಅರ್ಹತೆ.

ಮುಸ್ಲಿಮರಿಗೆ ಚಿರಪರಿಚಿತವಾದ ಹದೀಸ್‌ನಲ್ಲಿಯೂ ಹೀಗೆಯೇ. ಸಮಾಜ ಕೆಟ್ಟವಳೆಂದು ಕರೆದ ಹೆಣ್ಣೊಬ್ಬಳು, ಬಾವಿಯ ಸುತ್ತ ಬಾಯಾರಿ ಸುತ್ತುತ್ತಿದ್ದ ನಾಯಿಯನ್ನು ಕಂಡು, ತನ್ನ ಪಾದರಕ್ಷೆಯಲ್ಲಿ ನೀರು ಸೇದಿ ಕುಡಿಸಿದಳು. ಅದೊಂದೇ ಕೆಲಸಕ್ಕೆ ಅವಳ ಪಾಪ ಮನ್ನಿಸಲ್ಪಟ್ಟಿತೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಆ ನಾಯಿಯ ಹೆಸರನ್ನು ಯಾರೂ ಕೇಳಲಿಲ್ಲ. ಅವಳನ್ನು ನೋಡಿದವರೂ ಇರಲಿಲ್ಲ.

ನಾಯಿ ನಜಸ್ ಅಲ್ಲವೇ ಎಂದು ಕೇಳುವವರಿದ್ದಾರೆ. ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಕರ್ಮಶಾಸ್ತ್ರದಂತೆ, ನಾಯಿಯ ಜೊಲ್ಲು ತಗುಲಿದ್ದನ್ನು ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿ. ಇದು ಶುದ್ಧಿಯ ವಿಧಿ, ನಿರ್ದಯತೆಗೆ ಪರವಾನಗಿ ಅಲ್ಲ. ತೊಳೆಯುವ ಕ್ರಮವನ್ನು ಹೇಳಿಕೊಟ್ಟಿದೆ ಎಂದರೆ ಮುಟ್ಟಬೇಕಾದ ಸಂದರ್ಭ ಬರುತ್ತದೆ ಎಂದೇ ಅಲ್ಲವೇ?

ಇನ್ನು ಹಣದ ಮಾತು. ತುರ್ತು ಚಿಕಿತ್ಸೆಗಾಗಿ ಹಣ ಬೇಡುವ ಮನವಿಗಳಲ್ಲಿ ಅನೇಕವು ಬೇಡದೆಯೇ ಇರಬಹುದಾಗಿದ್ದವು. ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ವೈರಸ್‌ಗೆ ನೇರವಾದ ಮದ್ದಿಲ್ಲ. ದಿನಗಟ್ಟಲೆ ಡ್ರಿಪ್ ಕೊಟ್ಟು ಕಾಯಬೇಕು, ಆದರೂ ಬದುಕುವ ಭರವಸೆ ಇಲ್ಲ. ಆದರೆ ಅದನ್ನು ತಡೆಯುವ ಲಸಿಕೆ ಇದೆ, ಅದಕ್ಕೆ ತಗಲುವುದು ಚಿಕಿತ್ಸೆಯ ಒಂದು ಸಣ್ಣ ಅಂಶ ಮಾತ್ರ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶುಸಂಗೋಪನಾ ಇಲಾಖೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಉಚಿತವಾಗಿ ಹಾಕುತ್ತದೆ. ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. ಆದರೆ ಲಸಿಕೆ ಹಾಕಿಸಿಕೊಂಡ ಆರೋಗ್ಯವಂತ ನಾಯಿಯ ಚಿತ್ರ ನೋಡಿ ಯಾರು ಕರಗುತ್ತಾರೆ? ರಕ್ತ ಕಂಡರೆ ಮಾತ್ರ ತೆರೆಯುವ ಕೈ ರಕ್ತವನ್ನು ತಡೆಯಲಾರದು.

ಬೇರೆ ದಾರಿಯೂ ಇತ್ತು. ನಮ್ಮ ಊರುಗಳಿಂದ ಹೊಟ್ಟೆಪಾಡಿಗೆ ಹೋದವರಿಗೆಲ್ಲ ಪರಿಚಿತವಾದ ಮುಂಬಯಿಯಲ್ಲಿ ಬ್ರಿಟಿಷರು ಬೀದಿ ನಾಯಿಗಳನ್ನು ಕೊಲ್ಲಿಸಲು ಹೊರಟಾಗ, 1832ರಲ್ಲಿ ಪಾರ್ಸಿಗಳು ಬೀದಿಗಿಳಿದರು. ಎರಡು ವರ್ಷಗಳ ಬಳಿಕ ಜಮ್‌ಶೆಟ್‌ಜಿ ಜೀಜೀಭಾಯ್ ಎಂಬ ಪಾರ್ಸಿ, ಮೋತಿಚಂದ್ ಅಮಿಚಂದ್ ಎಂಬ ಜೈನ ಸೇರಿ ಅಲ್ಲಿ ಪಾಂಜರಾಪೋಳ ಸ್ಥಾಪಿಸಿದರು. ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ತಾವೇ ಹಾಕಿಕೊಂಡ ಪುಟ್ಟ ತೆರಿಗೆ ಅದನ್ನು ನಡೆಸಿತು. ಯಾವ ನಾಯಿಯ ಕತೆಯನ್ನೂ ಯಾರೂ ಹೇಳಬೇಕಾಗಿರಲಿಲ್ಲ.

ಇಂದಿನ ಸ್ಥಿತಿ ನೋಡಿ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. 2025ರ ಆಗಸ್ಟ್‌ನಲ್ಲಿ ಬೀದಿ ನಾಯಿಗಳ ಪ್ರಕರಣದಲ್ಲಿ ವಾದಿಸಬಯಸಿದ ನಾಯಿಪ್ರಿಯರು ತಲಾ 25 ಸಾವಿರ, ಸಂಸ್ಥೆಗಳು ತಲಾ 2 ಲಕ್ಷ ರೂಪಾಯಿ ಠೇವಣಿ ಇಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ನಾಯಿಯನ್ನು ಹೊಡೆಯುವವನಿಗಿಂತ ಅದರ ಪರ ಮಾತಾಡುವವನಿಗೆ ಖರ್ಚು ಹೆಚ್ಚು. ಆ ಹಣ ನಾಯಿಗಳ ಸೌಕರ್ಯಕ್ಕೇ ಹೋಗಬೇಕೆಂದು ಆದೇಶದಲ್ಲಿರುವುದು ನಿಜ. ಆದರೂ ಸಾರ್ವಜನಿಕ ಹೊಣೆಯೊಂದು ಮತ್ತೆ ಪ್ರೀತಿಸುವವರ ಜೇಬಿಗೇ ಬಿತ್ತು.

ಹಾಗಾದರೆ ಮನವಿ ಬಂದಾಗ ಹಣ ಕೊಡಬಾರದೇ? ಖಂಡಿತ ಕೊಡಬೇಕು. ಎದುರು ಬಿದ್ದ ಜೀವಕ್ಕೆ ಸಿದ್ಧಾಂತ ಹೇಳುವುದು ಅಮಾನವೀಯ. ಆದರೆ ನಮ್ಮ ಊರಿನ ರಶೀದಿ ಪುಸ್ತಕದ ಶಿಸ್ತು ಇಲ್ಲಿಗೂ ಬರಲಿ. ವೈದ್ಯರ ಅಂದಾಜು ಪಟ್ಟಿ ತೋರಿಸಲಿ, ಹಣ ನೇರವಾಗಿ ಆಸ್ಪತ್ರೆಗೆ ಸಲ್ಲಲಿ, ಕೊನೆಗೆ ಲೆಕ್ಕ ಒಪ್ಪಿಸಲಿ, ಉಳಿದದ್ದು ಮುಂದಿನ ನಾಯಿಗೆ ಇರಲಿ. ಆ ಮುಂದಿನ ನಾಯಿಗೆ ಕತೆ ಇಲ್ಲದಿದ್ದರೂ ಸರಿಯೇ.

ಇದು ಕೇವಲ ನಾಯಿಯ ವಿಷಯವಲ್ಲ. ಅದೇ ಮೊಬೈಲಿಗೆ ಅಪಘಾತದಲ್ಲಿ ಬಿದ್ದ ಮನುಷ್ಯನ ಮನವಿಯೂ ಬರುತ್ತದೆ. ದಕ್ಷಿಣ ಕನ್ನಡದಲ್ಲಿ ಆಗ ನಾವು ಮೊದಲು ಓದುವುದು ಏನನ್ನು? ಹೆಸರನ್ನು. ಹೆಸರು ಓದಿದರೆ ಧರ್ಮ ತಿಳಿಯುತ್ತದೆ, ತಿಳಿದ ಮೇಲೆ ಕೈ ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಹಣ ಒಟ್ಟು ಮಾಡುವವರಿಗೂ ಇದು ಗೊತ್ತು. ಅದಕ್ಕೇ ಯಾವ ಗುಂಪಿಗೆ ಯಾರ ಮನವಿ ಎಂದು ಅವರು ಮೊದಲೇ ವಿಂಗಡಿಸಿರುತ್ತಾರೆ.

ಬಾವಿಯ ಬಳಿ ನಿಂತಿದ್ದ ಆ ಹೆಣ್ಣು ಹೆಸರು ಕೇಳಿದ್ದರೆ ನಾಯಿ ಸಾಯುತ್ತಿತ್ತು. ಅವಳ ಪಾಪವೂ ಹಾಗೆಯೇ ಉಳಿಯುತ್ತಿತ್ತು.