ಒಂಟಿ ಹುಡುಗನ ಸಿನಿಮಾ ಸಾಕು

ಕನ್ನಡದ ಮಕ್ಕಳ ಸಿನಿಮಾದ ಮಾತು ಬಂದಾಗಲೆಲ್ಲ ಮೂರು ಹೆಸರು ತಪ್ಪದೆ ಬರುತ್ತವೆ: ‘ಬೆಟ್ಟದ ಹೂವು’ (1985), ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994). ಮಕ್ಕಳ ಸಿನಿಮಾ ಹೀಗೇ ಇರಬೇಕೆಂದು ವಿಮರ್ಶಕರೂ ಶಾಲೆಯ ಮಾಸ್ತರರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಸಿನಿಮಾಗಳೇ, ಆದರೆ ಮಗುವಿನ ಕಷ್ಟ ನೋಡಿ ಕಣ್ಣೊರೆಸಿಕೊಳ್ಳುವ ದೊಡ್ಡವರಿಗಾಗಿ ಮಾಡಿದವು.

ಎನ್. ಲಕ್ಷ್ಮೀನಾರಾಯಣರ ‘ಬೆಟ್ಟದ ಹೂವು’ ಚಿತ್ರದ ರಾಮು ಹೂವು ಆಯ್ದು ಕಾಸು ಕೂಡಿಸುತ್ತಾನೆ. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆ. ಕೊನೆಗೆ ಪುಸ್ತಕ ಬಿಟ್ಟು ಮನೆಯವರಿಗೆ ಕಂಬಳಿ ತರುತ್ತಾನೆ. ರಾಮುವಾಗಿ ನಟಿಸಿದ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಆ ಅಭಿನಯಕ್ಕೆ ಕರಗದವರಿಲ್ಲ. ಆದರೆ ತನ್ನ ಆಸೆಯನ್ನು ತಾನೇ ನುಂಗಿಕೊಳ್ಳುವ ಮಗು ದೊಡ್ಡವರಿಗೆ ಇಷ್ಟವಾದಷ್ಟು ಮಕ್ಕಳಿಗೆ ಇಷ್ಟವಾಗುತ್ತದೆಯೇ? ಟಿ.ಎಸ್. ನಾಗಾಭರಣರ ‘ಚಿನ್ನಾರಿ ಮುತ್ತ’ದ ಮುತ್ತ ಹಳ್ಳಿ ಬಿಟ್ಟು ಬೆಂಗಳೂರು ಸೇರಿ ಓಟಗಾರನಾಗುತ್ತಾನೆ, ಗೆಲ್ಲುವವನು ಅವನೊಬ್ಬನೇ. ಕೊಟ್ರೇಶಿಯದು ಬೇರೆ ಮಾತು. ಕುಂ. ವೀರಭದ್ರಪ್ಪನವರ ಕಥೆಯ ಆ ದಲಿತ ಹುಡುಗನ ಒಂಟಿತನ ಊರು ಹೊರಿಸಿದ್ದು, ಅದು ಸತ್ಯ. ಆ ಸತ್ಯವನ್ನು ನಾವು ಮಾದರಿ ಮಾಡಿಕೊಂಡು, ಬಡವ, ಜಾಣ, ಒಂಟಿ ಎಂಬ ಅಚ್ಚಿನಲ್ಲಿ ಎಲ್ಲ ಹುಡುಗರನ್ನೂ ಎರಕ ಹೊಯ್ಯುತ್ತ ಬಂದದ್ದು ತಪ್ಪು.

ಸಮಾಜವಾದಿ ಯುಗೊಸ್ಲಾವಿಯದ ಕ್ರೊಯೇಷಿಯಾದಲ್ಲಿ ಬೇರೆ ದಾರಿ ಹಿಡಿದರು. ಬ್ರಾಂಕೊ ಬಾವರ್ ಅವರ ‘ಸಿಂಯಿ ಗಾಲೆಬ್’ (1953) ಚಿತ್ರದಲ್ಲಿ ಹಡಗು ಹತ್ತಿದ ಹುಡುಗರು ಕಳ್ಳಸಾಗಣೆದಾರರನ್ನು ಎದುರಿಸುತ್ತಾರೆ. ವ್ಲಾದಿಮಿರ್ ತಾದೇಯ್ ಅವರ 1970ರ ಚಿತ್ರದಲ್ಲಿ ಮಕ್ಕಳೇ ಸೇರಿ ಪಾಳುಬಿದ್ದ ಗಿರಣಿಯನ್ನು ದುರಸ್ತಿ ಮಾಡುತ್ತಾರೆ. ಮಾತೆ ರೇಲ್ಯ ಅವರ 1976ರ ಚಿತ್ರದಲ್ಲಿ ಝಾಗ್ರೆಬ್ ನೋಡಲು ಹೋದ ಹಳ್ಳಿಶಾಲೆಯ ಮಕ್ಕಳ ರೈಲು ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ. ಜಗಳವಾಡಿ ಬೇರೆಯಾದವರೇ ಕೂಡಿ, ಬುತ್ತಿ ಹಂಚಿಕೊಂಡು, ಹಿಮ ಎತ್ತಿಹಾಕುತ್ತಾರೆ.

ಇವನ್ನು ಕಮ್ಯುನಿಸ್ಟ್ ಪಕ್ಷದ ಪ್ರಚಾರ ಎಂದು ತಳ್ಳಿಹಾಕುವುದು ರೂಢಿ. ಕೂಡಿ ದುಡಿಯುವ ಕಥೆ ಆ ಸರ್ಕಾರಕ್ಕೆ ರುಚಿಸಿತ್ತು, ನಿಜ. ಆದರೆ ತಾದೇಯ್, ರೇಲ್ಯ ಚಿತ್ರಗಳ ಮೂಲ ಶಾಲಾ ಮಾಸ್ತರ ಮಾತೊ ಲೊವ್ರಾಕ್ 1933ರಲ್ಲಿ ಪ್ರಕಟಿಸಿದ ಕಾದಂಬರಿಗಳು. ಬಾವರ್ ಚಿತ್ರದ ಮೂಲ ಸ್ಲೊವೇನಿಯದ ತೋನೆ ಸೆಲಿಷ್ಕರ್ 1936ರಲ್ಲಿ ತಂದದ್ದು. ಕಮ್ಯುನಿಸ್ಟರ ಕೈಗೆ ಅಧಿಕಾರ ಬಂದದ್ದು 1945ರಲ್ಲಿ. ಪಕ್ಷದ ಅಪ್ಪಣೆಗಿಂತ ಮೊದಲೇ ಮಕ್ಕಳ ಗುಂಪು ಅಲ್ಲಿನ ಕಥೆಗಳಲ್ಲಿತ್ತು.

ನಮ್ಮಲ್ಲೂ ಗುಂಪು ಕಟ್ಟಿದವರಿದ್ದಾರೆ. ರಾಜೇಂದ್ರಸಿಂಗ್ ಬಾಬು ಅವರ ‘ಸಿಂಹದ ಮರಿ ಸೈನ್ಯ’ವನ್ನು (1981) ಬರೀ ಮನರಂಜನೆ ಎಂದು ಬದಿಗಿಟ್ಟೆವು. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಇಡೀ ತರಗತಿಯನ್ನೇ ತೆರೆಗೆ ತಂದಿತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಆದರೂ ಮುಚ್ಚುತ್ತಿರುವ ಶಾಲೆಯ ವಿಚಾರ ಕೋರ್ಟಿಗೆ ಹೋದ ಕೂಡಲೇ ಅನಂತನಾಗ್ ಮಾತಾಡುತ್ತಾರೆ, ಮಕ್ಕಳು ಕೇಳುತ್ತ ಕೂರುತ್ತಾರೆ. ಅಷ್ಟು ಹೊತ್ತು ಅವರದಾಗಿದ್ದ ಸಿನಿಮಾವನ್ನು ಅಲ್ಲಿ ದೊಡ್ಡವರು ಕಸಿದುಕೊಂಡರು ಎಂಬುದು ನನ್ನ ತಕರಾರು.

ಗುಂಪಿನ ಕಥೆ ಹುಡುಕಲು ಝಾಗ್ರೆಬ್‌ವರೆಗೆ ಹೋಗಬೇಕಿಲ್ಲ. ನಮ್ಮ ಹಾನಗಲ್ ಸೀಮೆಯಲ್ಲಿ ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಓಣಿಯ ಹುಡುಗರು ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕದಿಯಲು ಹೊರಡುತ್ತಾರೆ. ಒಬ್ಬ ಮುಂದಾಳು, ಒಬ್ಬ ಕಾವಲಿಗೆ, ಸಣ್ಣವನು ಹಿತ್ತಲಿನ ಬೇಲಿ ನುಸುಳಲು. ಮೇಲಿನೋಣಿ, ಕೆಳಗಿನೋಣಿಗೆ ಪೈಪೋಟಿ. ಸಿಕ್ಕಿಬಿದ್ದವನು ಗೆಳೆಯರ ಹೆಸರು ಹೇಳಿದನೋ ಇಲ್ಲವೋ ಎಂಬ ಪಂಚಾಯಿತಿ. ಯಾವ ಜಾತಿಯ ಹುಡುಗ ಯಾವ ಮನೆಯ ಹಿತ್ತಲಿಗೆ ಕಾಲಿಡಬಹುದು ಎಂಬ ಪ್ರಶ್ನೆಯೂ ಅದರೊಳಗೇ ಇದೆ. ಅದನ್ನು ಮುಚ್ಚಿಡದೆ ತೋರಿಸಬೇಕು. ಇಲ್ಲಿ ಯಾರೂ ಅಸಾಮಾನ್ಯ ಜಾಣರಾಗಬೇಕಿಲ್ಲ, ತ್ಯಾಗಮೂರ್ತಿಯೂ ಆಗಬೇಕಿಲ್ಲ.

ಮಕ್ಕಳ ಸಿನಿಮಾ ಮಾಡಹೊರಟ ಯುವ ನಿರ್ದೇಶಕರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಚಿತ್ರಕ್ಕೆ ಇನ್ನೊಬ್ಬ ಒಂಟಿ ಹುಡುಗನನ್ನು ಹುಡುಕಬೇಡಿ. ಹೋಳಿಗೆ ಮೊದಲು ನಮ್ಮ ಕಡೆ ಬನ್ನಿ, ಓಣಿಯ ಹುಡುಗರನ್ನೆಲ್ಲ ಒಟ್ಟಿಗೆ ಮಾತಾಡಿಸಿ, ಕೊನೆಯ ತೀರ್ಮಾನವನ್ನು ಅವರ ಕೈಗೇ ಬಿಡಿ.